ಡಿಎಪಿ ಚೀಲದ ಮೇಲಿನ ಆ 'ಡೈ'

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದಲ್ಲಿ ಗೊಬ್ಬರ, ಬೀಜದ ಅಂಗಡಿ. ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಸಂಯುಕ್ತಗಳ ಹೆಸರು ಮತ್ತು ಸೂತ್ರ ಬರೆಯುವ ಪಾಠ ನಡೆಯುತ್ತಿದೆ. 'ಇಂಗಾಲದ ಡೈಆಕ್ಸೈಡಿನಲ್ಲಿ ಡೈ ಇದೆ. ಕ್ಯಾಲ್ಸಿಯಂ ಕ್ಲೋರೈಡಿನಲ್ಲೂ ಎರಡು ಕ್ಲೋರಿನ್ ಇವೆ, ಅಲ್ಲಿ ಡೈ ಯಾಕಿಲ್ಲ?' ಎಂದು ಕೇಳಿದಳು. ಲೋಹ ಬಂದರೆ ಡೈ, ಟ್ರೈ ಹಾಕಬಾರದು ಎಂದು ಟೀಚರ್ ಹೇಳಿದ್ದಾರಂತೆ. ಅಮೋನಿಯಂ ಕೂಡ ಲೋಹದ ಹಾಗೆಯೇ ಲೆಕ್ಕವಂತೆ. ಹಾಗಾದರೆ ನಮ್ಮ ಡಿಎಪಿ ಚೀಲದ ಮೇಲೆ ಡೈಅಮೋನಿಯಂ ಫಾಸ್ಫೇಟ್ ಎಂದು ಏಕೆ ಬರೆದಿದೆ? ಫೆರಸ್, ಫೆರಿಕ್, ಸಲ್ಫೈಡ್, ಸಲ್ಫೈಟ್, ಸಲ್ಫೇಟ್ ಇವನ್ನೆಲ್ಲ ಬಾಯಿಪಾಠ ಮಾಡುವುದೊಂದೇ ದಾರಿಯೇ? ಪರೀಕ್ಷೆಯಲ್ಲಿ ಆಮ್ಲಜನಕ ಎಂದು ಬರೆಯಬೇಕೋ, ಆಕ್ಸಿಜನ್ ಎಂದು ಬರೆಯಬೇಕೋ?

ಉತ್ತರ: ಮೊದಲು ಮಗಳಿಗೆ ಶಹಭಾಸ್ ಹೇಳಿ. ಪಿಯುಸಿ ಮಕ್ಕಳಿಗೆ ಬಹಳ ವರ್ಷ ರಸಾಯನಶಾಸ್ತ್ರ ಹೇಳಿದವನು ನಾನು. ಈ ಪಾಠ ಬಂದಾಗ ತಲೆಯಾಡಿಸಿ ಬರೆದುಕೊಂಡವರೇ ಹೆಚ್ಚು; 'ಅಲ್ಲಿದೆ, ಇಲ್ಲಿ ಯಾಕಿಲ್ಲ' ಎಂದು ಕೇಳಿದವರು ಬೆರಳೆಣಿಕೆಯಷ್ಟು. ಟೀಚರ್ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅವರು ಹೇಳಿದ್ದು ನಿಯಮ, ನಿಮ್ಮ ಮಗಳು ಕೇಳಿದ್ದು ಕಾರಣ. ಕಾರಣ ಗೊತ್ತಾದರೆ ಡಿಎಪಿ ಚೀಲದ ಮೇಲಿನ 'ಡೈ' ಕೂಡ ತನ್ನ ಜಾಗದಲ್ಲೇ ಇದೆ ಎಂದು ತಿಳಿಯುತ್ತದೆ.

ಊರಿನಲ್ಲಿ ರಾಮಪ್ಪ ಒಬ್ಬನೇ ಇದ್ದರೆ ಅವನು ಬರೀ ರಾಮಪ್ಪ. ಇನ್ನೊಬ್ಬ ರಾಮಪ್ಪ ಬಂದು ನೆಲೆಸಿದ ದಿನದಿಂದ ಒಬ್ಬ ಮೇಲಿನಮನೆ ರಾಮಪ್ಪ, ಇನ್ನೊಬ್ಬ ಕೆರೆಕೋಡಿ ರಾಮಪ್ಪ. ಗುರುತು ಹತ್ತುವುದು ಗೊಂದಲ ಹುಟ್ಟಿದಾಗ. ಸಂಯುಕ್ತಗಳ ಹೆಸರಿಡುವ ಪದ್ಧತಿಯ ಒಳಗುಟ್ಟೂ ಇಷ್ಟೇ: ಒಂದೇ ಸಾಧ್ಯತೆ ಇರುವಲ್ಲಿ ಹೆಸರು ಎಣಿಕೆ ಹೇಳುವುದಿಲ್ಲ, ಎರಡು ಮೂರು ಸಾಧ್ಯತೆ ಇರುವಲ್ಲಿ ಹೇಳಲೇಬೇಕು.

ಕ್ಯಾಲ್ಸಿಯಂ ಪರಮಾಣು ಕೊಟ್ಟರೆ ಎರಡು ಎಲೆಕ್ಟ್ರಾನ್ ಕೊಡುತ್ತದೆ. ಒಂದು ಕೊಟ್ಟು ಸುಮ್ಮನಾಗುವುದಿಲ್ಲ, ಮೂರನೆಯದನ್ನು ಬಿಡುವುದಿಲ್ಲ. ಕ್ಲೋರಿನ್ ಪರಮಾಣು ತೆಗೆದುಕೊಂಡರೆ ಒಂದೇ ಒಂದು. ಹಾಗಾಗಿ ಒಂದು ಕ್ಯಾಲ್ಸಿಯಮ್ಮಿಗೆ ಎರಡು ಕ್ಲೋರಿನ್. ಬೇರೆ ಲೆಕ್ಕವೇ ಇಲ್ಲ. 'ಕ್ಯಾಲ್ಸಿಯಂ ಕ್ಲೋರೈಡ್' ಎಂದೊಡನೆ ಎರಡು ಎಂಬುದು ತಾನಾಗಿಯೇ ಸಿಗುತ್ತದೆ. ಇಂಗಾಲ ಮತ್ತು ಆಮ್ಲಜನಕದ ಕಥೆ ಬೇರೆ. ಅವು ಕೊಟ್ಟು ತೆಗೆದುಕೊಳ್ಳುವುದಿಲ್ಲ, ಹಂಚಿಕೊಳ್ಳುತ್ತವೆ. ಹಂಚಿಕೆಗೆ ಹಲವು ಬಗೆ. ಒಂದು ಇಂಗಾಲಕ್ಕೆ ಎರಡು ಆಮ್ಲಜನಕ ಸೇರಿದ್ದು ನಮ್ಮ ಉಸಿರಿನಲ್ಲಿ ದಿನವೂ ಹೊರಬರುತ್ತದೆ. ಒಂದಕ್ಕೆ ಒಂದೇ ಸೇರಿದ್ದು, ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಯುವಾಗ ಹುಟ್ಟಿ, ವಾಸನೆಯನ್ನೂ ತೋರದೆ ಜೀವ ತೆಗೆಯುತ್ತದೆ. ಎರಡನ್ನೂ 'ಇಂಗಾಲದ ಆಕ್ಸೈಡ್' ಎಂದು ಕರೆದರೆ ಗತಿಯೇನು? ಅದಕ್ಕೇ ಒಂದು ಡೈಆಕ್ಸೈಡ್, ಒಂದು ಮೊನಾಕ್ಸೈಡ್. ಸಾರಜನಕದ ಆಕ್ಸೈಡುಗಳಂತೂ ಒಂದು ಕುಟುಂಬವೇ ಇದೆ; ಅಲ್ಲಿ ಎರಡೂ ಕಡೆ ಎಣಿಕೆ ಹೇಳಿ 'ಡೈನೈಟ್ರೋಜನ್ ಪೆಂಟಾಕ್ಸೈಡ್' ಎನ್ನದೆ ವಿಧಿಯಿಲ್ಲ.

ಆದ್ದರಿಂದ ಯಾವುದೇ ಹೆಸರು ಕಂಡಾಗ ಮಗಳು ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಇಲ್ಲಿ ಲೋಹ ಇದೆಯೋ, ಇಲ್ಲವೋ? ಎರಡೂ ಅಲೋಹವಾಗಿದ್ದರೆ ಸಾಮಾನ್ಯವಾಗಿ ಎಣಿಕೆ ಹೆಸರಿನಲ್ಲೇ ಇರುತ್ತದೆ, ಹೆಸರು ನೋಡಿ ಸೂತ್ರ ಬರೆದರೆ ಮುಗಿಯಿತು. ಲೋಹವಿದ್ದರೆ ಎಣಿಕೆಯನ್ನು ಅವಳೇ ಲೆಕ್ಕ ಹಾಕಬೇಕು.

ಮುಂದೆ ಹೋಗುವ ಮೊದಲು ಬರವಣಿಗೆಯ ಬಗ್ಗೆ ಒಂದು ಮಾತು. ಇಲ್ಲಿ ಸೂತ್ರಗಳನ್ನು ಬಾಯಲ್ಲಿ ಓದುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದು, ಒಂದು ಧಾತು ಮುಗಿದಲ್ಲಿ ಅಡ್ಡಗೆರೆ ಎಳೆದಿದ್ದೇನೆ. ಅಡ್ಡಗೆರೆ ಓದುವ ಅನುಕೂಲಕ್ಕೆ ಮಾತ್ರ. ನೋಟ್‌ಬುಕ್ಕಿನಲ್ಲಿ ಮಗಳು ರೋಮನ್ ಅಕ್ಷರಗಳಲ್ಲಿ, ಗೆರೆ ಇಲ್ಲದೆ ಬರೆಯಲಿ. ಬರೆಯುವಾಗ ದೊಡ್ಡಕ್ಷರ, ಸಣ್ಣಕ್ಷರದ ಮೇಲೆ ಕಣ್ಣಿರಲಿ. ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲದ್ದರಿಂದ ಕನ್ನಡ ಮಾಧ್ಯಮದ ಮಕ್ಕಳು ಇದನ್ನು ಅಲಂಕಾರ ಎಂದುಕೊಳ್ಳುತ್ತಾರೆ. ಅದು ಅಲಂಕಾರವಲ್ಲ. 'ಸಿ' ದೊಡ್ಡದು, 'ಒ' ಸಣ್ಣದು ಬರೆದರೆ ಕೋಬಾಲ್ಟ್ ಎಂಬ ಗಟ್ಟಿ ಲೋಹ. ಎರಡನ್ನೂ ದೊಡ್ಡದಾಗಿ ಬರೆದರೆ ಮೇಲೆ ಹೇಳಿದ ಗೀಸರಿನ ವಿಷಾನಿಲ.

ಈಗ ಲೆಕ್ಕ. ಲೋಹ ಎಷ್ಟು ಎಲೆಕ್ಟ್ರಾನ್ ಕೊಡುತ್ತದೆ, ಎದುರಿನದು ಎಷ್ಟು ಪಡೆಯುತ್ತದೆ ಎಂಬುದು ವೇಲೆನ್ಸಿ. ಕೊಟ್ಟದ್ದೂ ಪಡೆದದ್ದೂ ಸರಿಹೊಂದಬೇಕು. ಅಂಗಡಿಯ ಜಮಾ ಖರ್ಚಿನ ಹಾಗೆ ಕೊನೆಗೆ ಬಾಕಿ ಸೊನ್ನೆ. ಅಲ್ಯೂಮಿನಿಯಂ ಮೂರು ಕೊಡುತ್ತದೆ, ಆಮ್ಲಜನಕ ಎರಡು ಪಡೆಯುತ್ತದೆ. ಎರಡು ಅಲ್ಯೂಮಿನಿಯಂ ಆರು ಕೊಟ್ಟರೆ ಮೂರು ಆಮ್ಲಜನಕ ಆರನ್ನೂ ಪಡೆಯುತ್ತವೆ: ಎಎಲ್₂-ಒ₃. ವೇಲೆನ್ಸಿಗಳನ್ನು ಅಡ್ಡಡ್ಡ ಅದಲುಬದಲು ಮಾಡಿ ಕೆಳಗೆ ಬರೆಯುವ ಉಪಾಯ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಉಪಾಯ ಒಳ್ಳೆಯದೇ, ಆದರೆ ಅದನ್ನು ಕುರುಡಾಗಿ ನಂಬಿದವರು ಎರಡು ಕಡೆ ಬೀಳುತ್ತಾರೆ.

ಮೊದಲನೆಯದು ಕಂಸ. ಒಮ್ಮೆ ತರಗತಿಯಲ್ಲಿ ಅಲ್ಯೂಮಿನಿಯಂ ಸಲ್ಫೇಟಿನ ಸೂತ್ರ ಬರೆಯಲು ಹೇಳಿದೆ. ಸಲ್ಫೇಟ್ ಎಂದರೆ ಒಂದು ಗಂಧಕ, ನಾಲ್ಕು ಆಮ್ಲಜನಕ ಸೇರಿದ ಗುಂಪು, ಅದರ ವೇಲೆನ್ಸಿ ಎರಡು. ಹಿಂದಿನ ಬೆಂಚಿನ ಹುಡುಗ ಬೋರ್ಡಿಗೆ ಬಂದು ಅದಲುಬದಲು ಮಾಡಿ ಎಎಲ್₂-ಎಸ್-ಒ₄₃ ಎಂದು ಬರೆದು ಗೆದ್ದ ಮುಖದಲ್ಲಿ ತಿರುಗಿ ನಿಂತ. ನಾನು ಏನೂ ಹೇಳಲಿಲ್ಲ, ಓದು ಎಂದೆ. 'ಎಎಲ್ ಎರಡು, ಎಸ್, ಒ ನಲವತ್ತಮೂರು' ಎಂದವನೇ ತಾನೇ ನಕ್ಕು ಡಸ್ಟರ್ ಎತ್ತಿಕೊಂಡ. ಮೂರು ಬೇಕಾದದ್ದು ಇಡೀ ಗುಂಪಿಗೆ. ಅದಕ್ಕೆ ಗುಂಪಿನ ಸುತ್ತ ಕಂಸ ಹಾಕಿ ಹೊರಗೆ ಮೂರು: ಎಎಲ್₂-(ಎಸ್-ಒ₄)₃. ಸುಣ್ಣದ ತಿಳಿನೀರಿನಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡೂ ಹೀಗೆಯೇ, ಸಿಎ-(ಒ-ಎಚ್)₂. ಕಂಸ ಬಿಟ್ಟರೆ ಎರಡು ಜಲಜನಕ ಉಳಿದು ಒಂದು ಆಮ್ಲಜನಕ ಕಳೆದುಹೋಗುತ್ತದೆ. ಗುಂಪು ಒಂದೇ ಇದ್ದರೆ ಮಾತ್ರ ಕಂಸ ಬೇಡ.

ಎರಡನೆಯದು ಸರಳಗೊಳಿಸುವುದು. ಮೆಗ್ನೀಸಿಯಂ ಎರಡು, ಆಮ್ಲಜನಕ ಎರಡು. ಅದಲುಬದಲು ಮಾಡಿದರೆ ಎಂಜಿ₂-ಒ₂ ಬರುತ್ತದೆ. ಬರೆಯುವುದು ಎಂಜಿ-ಒ ಎಂದು. ಲೋಹದ ಸಂಯುಕ್ತದಲ್ಲಿ ಸಾಮಾನ್ಯವಾಗಿ ಬಿಡಿ ಅಣು ಎಂಬುದೇ ಇಲ್ಲ. ಹರಳಿನ ತುಂಬ ಎಲೆಕ್ಟ್ರಾನ್ ಕೊಟ್ಟ ಧನ ಅಯಾನು, ಪಡೆದ ಋಣ ಅಯಾನುಗಳು ಸಾಲುಗಟ್ಟಿ ನಿಂತಿರುತ್ತವೆ. ಸೂತ್ರ ಹೇಳುವುದು ಅವುಗಳ ಅನುಪಾತವನ್ನು. ಅನುಪಾತವಾದ್ದರಿಂದ ಎರಡಕ್ಕೆ ಎರಡು ಎಂದರೂ ಒಂದಕ್ಕೆ ಒಂದು ಎಂದರೂ ಒಂದೇ, ಸಣ್ಣದನ್ನು ಬರೆಯುತ್ತೇವೆ. ಆದರೆ ಹೈಡ್ರೋಜನ್ ಪೆರಾಕ್ಸೈಡ್ ಎಚ್₂-ಒ₂ ಎಂಬುದನ್ನು ಎಚ್-ಒ ಎಂದು ಇಳಿಸುವ ಹಾಗಿಲ್ಲ. ಅದು ನಿಜವಾದ ಅಣು. ಅದರಲ್ಲಿ ನಾಲ್ಕು ಪರಮಾಣುಗಳು ನಿಜವಾಗಿ ಕೈಹಿಡಿದಿವೆ. ಅಂದಹಾಗೆ, ಪರಮಾಣು ವಾದದ ಜಾನ್ ಡಾಲ್ಟನ್ ಎಂಬ ದೊಡ್ಡ ಮನುಷ್ಯ ನೀರನ್ನೇ ಒಂದು ಜಲಜನಕ, ಒಂದು ಆಮ್ಲಜನಕ ಎಂದು ತಿಳಿದಿದ್ದ. ಮಗಳು ಸೂತ್ರ ತಪ್ಪಿದರೆ ಗದರಿಸಬೇಡಿ, ಒಳ್ಳೆಯ ಜೊತೆಯಲ್ಲೇ ಇದ್ದಾಳೆ.

ಈಗ ಫೆರಸ್, ಫೆರಿಕ್. ಲೋಹಗಳಲ್ಲೂ ಎಲ್ಲವೂ ಕ್ಯಾಲ್ಸಿಯಮ್ಮಿನಷ್ಟು ಒಂದೇ ಮಾತಿನವಲ್ಲ. ಕಬ್ಬಿಣ ಕೆಲವೊಮ್ಮೆ ಎರಡು ಕೊಡುತ್ತದೆ, ಕೆಲವೊಮ್ಮೆ ಮೂರು. ಹಾಗಾಗಿ ಎಫ್‌ಇ-ಸಿಎಲ್₂ ಕೂಡ ಇದೆ, ಎಫ್‌ಇ-ಸಿಎಲ್₃ ಕೂಡ ಇದೆ. ಇಬ್ಬರು ರಾಮಪ್ಪಂದಿರಾದ ಮೇಲೆ ಗುರುತು ಬೇಕಲ್ಲ. ಕಡಿಮೆ ಕೊಟ್ಟದ್ದು ಫೆರಸ್, ಹೆಚ್ಚು ಕೊಟ್ಟದ್ದು ಫೆರಿಕ್. ಇಲ್ಲಿ ಮಕ್ಕಳು ಮಾಡುವ ತಪ್ಪು ಎಂದರೆ 'ಅಸ್ ಎಂದರೆ ಎರಡು, ಇಕ್ ಎಂದರೆ ಮೂರು' ಎಂದು ಬಾಯಿಪಾಠ ಮಾಡುವುದು. ಅಸ್ ಎಂದರೆ ಕಡಿಮೆ, ಇಕ್ ಎಂದರೆ ಹೆಚ್ಚು, ಅಷ್ಟೇ. ತಾಮ್ರದಲ್ಲಿ ಕ್ಯೂಪ್ರಸ್ ಒಂದು, ಕ್ಯೂಪ್ರಿಕ್ ಎರಡು. ತವರದಲ್ಲಿ ಸ್ಟಾನಸ್ ಎರಡು, ಸ್ಟಾನಿಕ್ ನಾಲ್ಕು. ಒಂದು ಮನೆಯ ಹಿರಿಯ ಮಗ ಇನ್ನೊಂದು ಮನೆಯ ಕಿರಿಯ ಮಗನಷ್ಟೇ ವಯಸ್ಸಿನವನಾಗಿರಬಹುದಲ್ಲ, ಹಾಗೆ.

ಈ ತೊಡಕು ಬೇಡವೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್‌ಫ್ರೆಡ್ ಸ್ಟಾಕ್ 1919ರಲ್ಲಿ ನೇರವಾದ ದಾರಿ ತೋರಿಸಿದ: ಲೋಹದ ಹೆಸರಿನ ಪಕ್ಕ ಕಂಸದಲ್ಲಿ ಸಂಖ್ಯೆಯನ್ನೇ ಬರೆದುಬಿಡಿ. ರೋಮನ್ ಅಂಕಿಯಲ್ಲಿ ಎರಡು ಬರೆದರೆ 'ಐರನ್ ಟೂ ಕ್ಲೋರೈಡ್', ಮೂರು ಬರೆದರೆ 'ಐರನ್ ತ್ರೀ ಕ್ಲೋರೈಡ್'. ಕಂಸದೊಳಗಿನ ಸಂಖ್ಯೆ ಲೋಹದ ವೇಲೆನ್ಸಿಯೇ ಹೊರತು ಪರಮಾಣುಗಳ ಎಣಿಕೆಯಲ್ಲ. ಐರನ್ ತ್ರೀ ಆಕ್ಸೈಡಿನಲ್ಲಿ ಇರುವುದು ಎರಡೇ ಕಬ್ಬಿಣ: ಎಫ್‌ಇ₂-ಒ₃. ಇಂದಿನ ಪದ್ಧತಿ ಸ್ಟಾಕನದು. ಆದರೂ ಫೆರಸ್, ಫೆರಿಕ್ ಕಲಿಯುವುದನ್ನು ಬಿಡುವ ಹಾಗಿಲ್ಲ, ಔಷಧದ ಅಂಗಡಿಯಲ್ಲಿ ಇನ್ನೂ ಅವೇ ನಡೆಯುತ್ತವೆ. ಮಗಳಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಲು ಹೇಳಿ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಸಾಮಾನ್ಯವಾಗಿ ಫೆರಸ್ ಲವಣವಾಗಿ. ಫೆರಿಕ್ಕಿಗಿಂತ ಫೆರಸ್ ರೂಪವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ.

ಅಸ್, ಇಕ್ ವ್ಯತ್ಯಾಸ ಜೀವ ಉಳಿಸುವಷ್ಟು, ತೆಗೆಯುವಷ್ಟು ದೊಡ್ಡದಾದ ಜಾಗವೂ ಇದೆ. ಪಾದರಸದ ಎರಡು ಕ್ಲೋರೈಡುಗಳಲ್ಲಿ ಮರ್ಕ್ಯುರಸ್ ಕ್ಲೋರೈಡನ್ನು ಕ್ಯಾಲೊಮೆಲ್ ಎಂಬ ಹೆಸರಿನಲ್ಲಿ ಹತ್ತೊಂಬತ್ತನೇ ಶತಮಾನದ ವೈದ್ಯರು ಹೊಟ್ಟೆ ಶುದ್ಧಿಗೆಂದು ಕೊಡುತ್ತಿದ್ದರು (ಅದೂ ಒಳ್ಳೆಯದಲ್ಲವೆಂದು ಆಮೇಲೆ ತಿಳಿಯಿತು). ಮರ್ಕ್ಯುರಿಕ್ ಕ್ಲೋರೈಡ್ ಘೋರ ವಿಷ. ಕ್ಯಾಲೊಮೆಲ್ಲಿನ ಸೂತ್ರ ಎಚ್‌ಜಿ₂-ಸಿಎಲ್₂. ಇದನ್ನೂ ಎಚ್‌ಜಿ-ಸಿಎಲ್ ಎಂದು ಇಳಿಸುವುದಿಲ್ಲ, ಅಲ್ಲಿ ಎರಡು ಪಾದರಸದ ಪರಮಾಣುಗಳು ಒಂದಕ್ಕೊಂದು ಅಂಟಿಕೊಂಡು ಜೋಡಿಯಾಗಿಯೇ ಇರುತ್ತವೆ.

ಕಬ್ಬಿಣದ ಮಾತು ಬಂತಲ್ಲ, ನಮ್ಮ ನಾಡಿನದೇ ಒಂದು ಒಗಟು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಬಳ್ಳಾರಿ, ಸಂಡೂರಿನ ಕೆಂಪು ಅದಿರು ಹೆಮಟೈಟ್, ಎಫ್‌ಇ₂-ಒ₃. ಅದರ ಲೆಕ್ಕ ಸಲೀಸು. 2005ರ ಕೊನೆಯವರೆಗೆ ಕುದುರೆಮುಖದಲ್ಲಿ ಅಗೆಯುತ್ತಿದ್ದದ್ದು ಮ್ಯಾಗ್ನಟೈಟ್, ಅಯಸ್ಕಾಂತಕ್ಕೆ ಅಂಟುವ ಕಪ್ಪು ಖನಿಜ. ಅದರ ಸೂತ್ರ ಎಫ್‌ಇ₃-ಒ₄. ಲೆಕ್ಕ ಹಾಕಿ ನೋಡಿ: ನಾಲ್ಕು ಆಮ್ಲಜನಕಕ್ಕೆ ಎಂಟು ಎಲೆಕ್ಟ್ರಾನ್ ಬೇಕು, ಕೊಡುವ ಕಬ್ಬಿಣ ಮೂರು. ಎಂಟನ್ನು ಮೂರರಿಂದ ಭಾಗಿಸಿದರೆ ಎರಡೂ ಮುಕ್ಕಾಲಿಗೆ ಹತ್ತಿರದ ಏನೋ ಒಂದು. ಎಲೆಕ್ಟ್ರಾನನ್ನು ಕತ್ತರಿಸಿ ಕೊಡಲಾಗುತ್ತದೆಯೇ? ಒಗಟಿನ ಉತ್ತರ ಸರಳ. ಮೂರರಲ್ಲಿ ಒಂದು ಕಬ್ಬಿಣ ಫೆರಸ್, ಎರಡು ಫೆರಿಕ್. ಎರಡು, ಮೂರು, ಮೂರು ಕೂಡಿದರೆ ಎಂಟು. ಹೆಸರಿಡುವಾಗಲೂ 'ಐರನ್ ಟೂ, ತ್ರೀ ಆಕ್ಸೈಡ್' ಎಂದು ಎರಡು ಸಂಖ್ಯೆಗಳನ್ನೂ ಹೇಳುತ್ತಾರೆ. ಮಗಳು ಇದನ್ನು ತಾನೇ ಬಿಡಿಸಿದರೆ ವೇಲೆನ್ಸಿ ಪಾಠ ಅವಳಿಗೆ ಅರ್ಥವಾಗಿದೆ ಎಂದು ತಿಳಿಯಿರಿ.

ಸಲ್ಫೈಡ್, ಸಲ್ಫೈಟ್, ಸಲ್ಫೇಟ್. ಕೊನೆಯ ಅಕ್ಷರದಲ್ಲಿ ಸುದ್ದಿ ಇದೆ. 'ಐಡ್' ಎಂದರೆ ಗಂಧಕ ಒಂಟಿಯಾಗಿದೆ, ಆಮ್ಲಜನಕ ಜೊತೆಗಿಲ್ಲ. 'ಐಟ್', 'ಏಟ್' ಎಂದರೆ ಆಮ್ಲಜನಕವನ್ನು ಕಟ್ಟಿಕೊಂಡು ಬಂದಿದೆ. ಐಟಿನಲ್ಲಿ ಕಡಿಮೆ, ಏಟಿನಲ್ಲಿ ಹೆಚ್ಚು. ಸಲ್ಫೈಟಿನಲ್ಲಿ ಮೂರು, ಸಲ್ಫೇಟಿನಲ್ಲಿ ನಾಲ್ಕು. ಇಲ್ಲೂ ಅದೇ ಎಚ್ಚರಿಕೆ: ಸಂಖ್ಯೆ ಬಾಯಿಪಾಠ ಮಾಡಿ ಎಲ್ಲ ಕಡೆ ಹಚ್ಚಬೇಡಿ. ನೈಟ್ರೈಟಿನಲ್ಲಿ ಎರಡು, ನೈಟ್ರೇಟಿನಲ್ಲಿ ಮೂರು. ಕ್ಲೋರಿನ್ ಇನ್ನೂ ಧಾರಾಳಿ, ಅದಕ್ಕೆ ನಾಲ್ಕು ಬಗೆ. ಎರಡು ಆಮ್ಲಜನಕದ ಕ್ಲೋರೈಟ್, ಮೂರರ ಕ್ಲೋರೇಟ್ ಆದ ಮೇಲೂ ಒಂದು ಕೆಳಗೆ, ಒಂದು ಮೇಲೆ ಉಳಿದವು. ಕೆಳಗಿನದಕ್ಕೆ 'ಹೈಪೋ' ಸೇರಿಸಿ ಹೈಪೋಕ್ಲೋರೈಟ್ ಎಂದರು, ಮೇಲಿನದಕ್ಕೆ 'ಪರ್' ಸೇರಿಸಿ ಪರ್‌ಕ್ಲೋರೇಟ್ ಎಂದರು. ಊರಿನ ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಶಕ್ತಿ ಇರುವುದು ಹೈಪೋಕ್ಲೋರೈಟಿನಲ್ಲಿ. ಹೈಡ್ರಾಕ್ಸೈಡ್ ಮಾತ್ರ ಈ ಸಾಲಿಗೆ ಬಾರದ ತಂಟೆಕೋರ, ಆಮ್ಲಜನಕ ಇದ್ದೂ 'ಐಡ್' ಹಚ್ಚಿಕೊಂಡಿದೆ. ಅದನ್ನು ಹಾಗೆಯೇ ಒಪ್ಪಿಕೊಳ್ಳಬೇಕು.

ಆಮ್ಲಗಳ ಹೆಸರಿಗೂ ಇದಕ್ಕೂ ನಂಟಿದೆ. ಸಲ್ಫ್ಯೂರಿಕ್ ಆಮ್ಲದಿಂದ ಸಲ್ಫೇಟ್, ಸಲ್ಫ್ಯೂರಸ್ ಆಮ್ಲದಿಂದ ಸಲ್ಫೈಟ್. ಇಕ್ ಇದ್ದರೆ ಏಟ್, ಅಸ್ ಇದ್ದರೆ ಐಟ್. ಈ ಒಂದು ಸಾಲು ಮಾತ್ರ ಬಾಯಿಪಾಠ ಮಾಡಿದರೆ ಹತ್ತಾರು ಹೆಸರುಗಳು ಉಳಿತಾಯ.

ಈ ಏಟ್, ಐಟ್ ಆಕಾಶದಿಂದ ಉದುರಿದ್ದಲ್ಲ. 1787ರಲ್ಲಿ ಫ್ರಾನ್ಸಿನ ಗೈಟನ್ ದ ಮೊರ್ವೊ, ಲವಾಸಿಯೆ, ಬರ್ತೊಲೆ, ಫೂರ್ಕ್ರುವಾ ಎಂಬ ನಾಲ್ವರು ಕುಳಿತು ಒಂದು ಪದ್ಧತಿ ಮಾಡಿದರು. ಅದಕ್ಕೆ ಮೊದಲು ಬಣ್ಣ, ರುಚಿ, ಸಿಕ್ಕ ಊರು ಹೀಗೆ ಯಾವುದನ್ನೋ ಹಿಡಿದು ಹೆಸರಿಡುತ್ತಿದ್ದರು. ನಮ್ಮಲ್ಲಿಯೂ ಹಾಗೆಯೇ: ಮೈಲುತುತ್ತ ಎಂಬ ಹೆಸರಿನಲ್ಲಿ ನವಿಲು ಕುಣಿಯುತ್ತಿದೆ, ಆದರೆ ಒಳಗೆ ತಾಮ್ರವಿದೆ ಎಂಬ ಸುಳಿವಿಲ್ಲ. ಹೆಸರು ಕೇಳಿದರೆ ಒಳಗೇನಿದೆ ಎಂದು ತಿಳಿಯಬೇಕು ಎಂಬುದು ಆ ನಾಲ್ವರ ಹಟ. ಸಂಕೇತಗಳು ಬಂದದ್ದು ಇನ್ನೂ ಇಪ್ಪತ್ತೈದು ವರ್ಷಗಳ ಮೇಲೆ, 1813-14ರ ಸುಮಾರಿಗೆ, ಸ್ವೀಡನ್ನಿನ ಬರ್ಜೀಲಿಯಸ್‌ನಿಂದ. ಧಾತುವಿನ ಲ್ಯಾಟಿನ್ ಹೆಸರಿನ ಮೊದಲಕ್ಷರಗಳನ್ನು ಅವನು ಹಿಡಿದುಕೊಂಡ. ಸೋಡಿಯಮ್ಮಿಗೆ 'ಎನ್‌ಎ' ಬಂದದ್ದು ನೇಟ್ರಿಯಂನಿಂದ, ಪೊಟ್ಯಾಸಿಯಮ್ಮಿಗೆ 'ಕೆ' ಬಂದದ್ದು ಕೇಲಿಯಂನಿಂದ, ಕಬ್ಬಿಣ ಫೆರಮ್, ತಾಮ್ರ ಕ್ಯೂಪ್ರಮ್. ಫೆರಸ್, ಕ್ಯೂಪ್ರಿಕ್ ಎಂಬ ಮಾತುಗಳ ಬೇರೂ ಅಲ್ಲಿಯೇ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಇವು ಪರಕೀಯವೇ, ಆದ್ದರಿಂದ ಈ ವಿಷಯದಲ್ಲಿ ನಿಮ್ಮ ಮಗಳು ಯಾರಿಗಿಂತಲೂ ಹಿಂದಿಲ್ಲ.

ಇನ್ನು ನಿಮ್ಮ ಅಂಗಡಿಗೆ ಬರೋಣ. ಫಾಸ್ಫೇಟ್ ಗುಂಪಿನ ವೇಲೆನ್ಸಿ ಮೂರು, ಅಮೋನಿಯಂ ಗುಂಪಿನದು ಒಂದು. ನೇರ ಲೆಕ್ಕದಲ್ಲಿ ಒಂದು ಫಾಸ್ಫೇಟಿಗೆ ಮೂರು ಅಮೋನಿಯಂ ಬೇಕು. ಆದರೆ ಫಾಸ್ಫಾರಿಕ್ ಆಮ್ಲದಲ್ಲಿ ಮೂರು ಜಲಜನಕಗಳಿವೆ, ಅವು ಒಂದೊಂದಾಗಿ ಜಾಗ ಬಿಟ್ಟುಕೊಡುತ್ತವೆ. ಒಂದು ಜಾಗಕ್ಕೆ ಅಮೋನಿಯಂ ಬಂದರೆ ಮೊನೊಅಮೋನಿಯಂ ಫಾಸ್ಫೇಟ್, (ಎನ್-ಎಚ್₄)-ಎಚ್₂-ಪಿ-ಒ₄. ಎರಡಕ್ಕೆ ಬಂದರೆ (ಎನ್-ಎಚ್₄)₂-ಎಚ್-ಪಿ-ಒ₄, ನಿಮ್ಮ ಡಿಎಪಿ. ಮೂರಕ್ಕೂ ಬಂದರೆ ಟ್ರೈಅಮೋನಿಯಂ. ಮೂವರು ರಾಮಪ್ಪಂದಿರು! ಗುರುತಿಲ್ಲದೆ ಹೇಗೆ ಕರೆಯುವುದು? ಅಂಗಡಿಯವರಿಗೆ ಚೀಟಿಯಲ್ಲಿ ಬರೀ 'ಅಮೋನಿಯಂ ಫಾಸ್ಫೇಟ್' ಎಂದು ಬರೆದುಕೊಟ್ಟರೆ ನೀವೇ ಯಾವುದು ಎಂದು ಕೇಳುತ್ತೀರಿ. ಪೂರ್ತಿ ಶಾಸ್ತ್ರೀಯವಾಗಿ ಹೇಳಬೇಕೆಂದರೆ 'ಡೈಅಮೋನಿಯಂ ಹೈಡ್ರೋಜನ್ ಫಾಸ್ಫೇಟ್'. ಉಳಿದ ಒಂದು ಜಲಜನಕದ ಹೆಸರನ್ನು ಚೀಲದವರು ಬಿಟ್ಟಿದ್ದಾರೆ. ಅಡುಗೆ ಸೋಡಾದಲ್ಲಿಯೂ ಇಂಥ ಒಂದು ಜಲಜನಕ ಉಳಿದಿದೆ, ಎನ್‌ಎ-ಎಚ್-ಸಿ-ಒ₃. ಅದನ್ನು ಸೋಡಿಯಂ ಬೈಕಾರ್ಬೊನೇಟ್ ಎನ್ನುತ್ತೇವಲ್ಲ, ಆ 'ಬೈ' ನೋಡಿ ಎರಡು ಕಾರ್ಬೊನೇಟ್ ಹುಡುಕಬೇಡಿ. ಬಟ್ಟೆ ಸೋಡಾದಲ್ಲಿ ಎರಡು ಸೋಡಿಯಮ್ಮಿಗೆ ಒಂದು ಕಾರ್ಬೊನೇಟ್, ಇಲ್ಲಿ ಒಂದಕ್ಕೆ ಒಂದು. ಸೋಡಿಯಂ ಲೆಕ್ಕದಲ್ಲಿ ದುಪ್ಪಟ್ಟು ಎಂದು ಹಿಂದಿನವರು 'ಬೈ' ಇಟ್ಟರು. ಈಗಿನ ಸರಿಯಾದ ಹೆಸರು ಸೋಡಿಯಂ ಹೈಡ್ರೋಜನ್ ಕಾರ್ಬೊನೇಟ್.

ಚೀಲದ ಮೇಲಿನ ಅಂಕಿಗಳೂ ಸೂತ್ರದಿಂದಲೇ ಹುಟ್ಟಿದವು ಎಂದು ಮಗಳಿಗೆ ತೋರಿಸಿ, ಪಾಠ ತಾನಾಗಿ ತಲೆಗೆ ಇಳಿಯುತ್ತದೆ. ಸುಲಭದ್ದು ಯೂರಿಯಾ, ಸಿ-ಒ-(ಎನ್-ಎಚ್₂)₂. ಪರಮಾಣು ತೂಕದ ಲೆಕ್ಕದಲ್ಲಿ ಇಂಗಾಲ 12, ಆಮ್ಲಜನಕ 16, ಎರಡು ಸಾರಜನಕ 28, ನಾಲ್ಕು ಜಲಜನಕ 4, ಕೂಡಿದರೆ 60. ಅರವತ್ತರಲ್ಲಿ ಇಪ್ಪತ್ತೆಂಟು ಎಂದರೆ ಶೇಕಡಾ 46.67. ಚೀಲದ ಮೇಲೆ 46 ಎಂದಿದೆ. ಡ್ರಿಪ್ ರೈತರು ಕೇಳುವ 12:61:0 (ಕ್ರಮವಾಗಿ ಸಾರಜನಕ, ರಂಜಕ ಅಂದರೆ ಫಾಸ್ಫರಸ್, ಪೊಟ್ಯಾಷ್‌ಗಳ ಶೇಕಡಾ ಪಾಲು) ಬೇರೇನೂ ಅಲ್ಲ, ಮೇಲೆ ಹೇಳಿದ ಮೊನೊಅಮೋನಿಯಂ ಫಾಸ್ಫೇಟ್. ಸೂತ್ರದ ತೂಕ 115, ಸಾರಜನಕ 14. ಶೇಕಡಾ 12 ಮತ್ತು ಚೂರು. ಆದರೆ 61 ರಂಜಕ ಎಲ್ಲಿಂದ ಬಂತು? 115ರಲ್ಲಿ ರಂಜಕ 31 ಮಾತ್ರ, ಶೇಕಡಾ 27. ಇಲ್ಲಿ ಒಂದು ಹಳೆಯ ಚಾಳಿ ಅಡಗಿದೆ. ಗೊಬ್ಬರದ ಲೋಕ ರಂಜಕವನ್ನು ರಂಜಕ ಎಂದು ತೂಗುವುದಿಲ್ಲ, ಅದೆಲ್ಲ ಪಿ₂-ಒ₅ ಆಗಿದ್ದರೆ ಎಷ್ಟಾಗುತ್ತಿತ್ತೋ ಅಷ್ಟು ಎಂದು ಬರೆಯುತ್ತದೆ. 31 ರಂಜಕ 71 ಪಿ₂-ಒ₅ಗೆ ಸಮ. 115ಕ್ಕೆ 71 ಎಂದರೆ 61.7. ಅಲ್ಲಿಗೆ ಲೆಕ್ಕ ಕೂಡಿತು. ಇದೇ ಲೆಕ್ಕದಲ್ಲಿ ಅಪ್ಪಟ ಡಿಎಪಿ 21:53:0 ಆಗಬೇಕು. ಚೀಲದಲ್ಲಿ 18:46:0 ಇರುವುದು ಗೊಬ್ಬರದ ದರ್ಜೆಯ ಸರಕು ಅಪ್ಪಟವಲ್ಲದ್ದರಿಂದ. ಅದು ಮೋಸವಲ್ಲ, ಚೀಲದ ಮೇಲೆ ಹೇಳಿಯೇ ಮಾರುತ್ತಾರೆ.

ಈ ಚಾಳಿಯ ತಮಾಷೆ ಪೂರ್ತಿ ಕಾಣುವುದು ಪೊಟ್ಯಾಷ್ ಚೀಲದಲ್ಲಿ. ಎಂಒಪಿ ಎಂದರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಚೀಲದ ಮೇಲೆ ಕೆ₂-ಒ ಶೇಕಡಾ 60 ಎಂದು ಬರೆದಿರುತ್ತದೆ. ಒಳಗಿರುವುದು ಪೊಟ್ಯಾಸಿಯಂ ಕ್ಲೋರೈಡ್, ಕೆ-ಸಿಎಲ್. ಅದರಲ್ಲಿ ಆಮ್ಲಜನಕದ ಒಂದು ಪರಮಾಣುವೂ ಇಲ್ಲ! ಹೆಸರೂ ಅಷ್ಟೇ ಹಳತು. ಈಗ ಹೈಡ್ರೋಕ್ಲೋರಿಕ್ ಎನ್ನುವ ಆಮ್ಲವನ್ನು ಆಗ ಮ್ಯೂರಿಯಾಟಿಕ್ ಎನ್ನುತ್ತಿದ್ದರು, ಉಪ್ಪುನೀರಿನ ಲ್ಯಾಟಿನ್ ಹೆಸರಿನಿಂದ. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇದ್ದೇ ಇರುತ್ತದೆ ಎಂದು ಲವಾಸಿಯೆ ನಂಬಿದ್ದ. ಆಕ್ಸಿಜನ್ ಎಂಬ ಹೆಸರಿನ ಅರ್ಥವೇ ಆಮ್ಲವನ್ನು ಹುಟ್ಟಿಸುವುದು ಎಂದು. ಮ್ಯೂರಿಯಾಟಿಕ್ ಆಮ್ಲದಲ್ಲಿ ಆಕ್ಸಿಜನ್ ಹುಡುಕಿ ಹುಡುಕಿ ಸೋತರು. 1810ರಲ್ಲಿ ಹಂಫ್ರಿ ಡೇವಿ, ಅಲ್ಲಿರುವುದು ಆಕ್ಸಿಜನ್ ಅಲ್ಲ, ಬೇರೆಯದೇ ಒಂದು ಧಾತು ಎಂದು ಹೇಳಿ ಅದಕ್ಕೆ ಕ್ಲೋರಿನ್ ಎಂದು ಹೆಸರಿಟ್ಟ. ಪುಸ್ತಕದಿಂದ ಮ್ಯೂರಿಯೇಟ್ ಹೋಯಿತು, ಗೊಬ್ಬರದ ಚೀಲದಲ್ಲಿ ಉಳಿಯಿತು. ಆಕ್ಸಿಜನ್ ಎಂಬ ಹೆಸರೂ ಉಳಿಯಿತು. ನಮ್ಮ ಹಿರಿಯರು ಅದನ್ನು ಪ್ರಾಮಾಣಿಕವಾಗಿ ಕನ್ನಡಿಸಿ 'ಆಮ್ಲಜನಕ' ಎಂದರು, ಲವಾಸಿಯೆಯ ತಪ್ಪನ್ನೂ ಸೇರಿಸಿ. ಆಮ್ಲಕ್ಕೆ ನಿಜವಾಗಿ ಬೇಕಾದದ್ದು ಜಲಜನಕ. ಹೆಸರು ತಪ್ಪೆಂದು ಬದಲಿಸಲು ಹೊರಟರೆ ಮುಗಿಯುವ ಕೆಲಸವಲ್ಲ, ಅದರ ಪಾಡಿಗೆ ಇರಲಿ.

ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವವರು ನಿಮ್ಮಲ್ಲಿ ಮೈಲುತುತ್ತ ಕೊಳ್ಳುತ್ತಿರಬಹುದು. ಅದರ ಸೂತ್ರ ಸಿಯು-ಎಸ್-ಒ₄, ಆಮೇಲೆ ನಡುವೆ ಒಂದು ಚುಕ್ಕೆ, ಆಮೇಲೆ 5 ಎಚ್₂-ಒ. ಚುಕ್ಕೆಯನ್ನು ಗುಣಾಕಾರ ಎಂದು ಓದುವ ಮಕ್ಕಳಿದ್ದಾರೆ. ಅದರ ಅರ್ಥ 'ಜೊತೆಗೆ' ಎಂದು. ಪ್ರತಿ ತಾಮ್ರದ ಸಲ್ಫೇಟಿನ ಜೊತೆ ಐದು ನೀರು ಹರಳಿನಲ್ಲಿ ಸೇರಿಕೊಂಡಿವೆ. ಒಂದು ನೀರಿನ, ಮೂರು ನೀರಿನ ಹರಳುಗಳೂ ಇರುವುದರಿಂದ ಇಲ್ಲಿ ಎಣಿಕೆ ಹೇಳಿ 'ಕಾಪರ್ ಸಲ್ಫೇಟ್ ಪೆಂಟಾಹೈಡ್ರೇಟ್' ಎನ್ನುತ್ತಾರೆ. ಲೋಹವಿದ್ದರೂ 'ಪೆಂಟಾ' ಬಂದದ್ದನ್ನು ಮಗಳು ಗಮನಿಸಲಿ. ತೂಕ ಹಾಕಿದರೆ 249.5ರಲ್ಲಿ 90 ನೀರು. ನೀವು ಮಾರುವ ಒಂದು ಕಿಲೋ ಮೈಲುತುತ್ತದಲ್ಲಿ 360 ಗ್ರಾಂ ನೀರು, ಕೈಗೆ ಒಣಗಿಯೇ ಇರುತ್ತದೆ, ಕಲಬೆರಕೆಯೂ ಅಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ಟೀಚರ್ ಮುಂದೆ ನಿಂತು ನಾಲ್ಕು ಹರಳನ್ನು ಒಣ ಪ್ರನಾಳದಲ್ಲಿ ಹಾಕಿ, ಬಾಯಿಯನ್ನು ತುಸು ಕೆಳಗೆ ಓರೆ ಮಾಡಿ ಕಾಯಿಸಲಿ. ಚಿಟಚಿಟ ಸದ್ದಾಗುತ್ತದೆ, ಪ್ರನಾಳದ ಬಾಯಿಯ ಬಳಿ ಹನಿ ಕಟ್ಟುತ್ತದೆ, ನೀಲಿ ಮೆಲ್ಲನೆ ಬಿಳಿಚಿಕೊಂಡು ಬೂದಿಯಂಥ ಪುಡಿ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಒಂದು ಹನಿ ನೀರು ಬಿಟ್ಟರೆ ಬಿದ್ದ ಜಾಗದಲ್ಲಿ ನೀಲಿ ಮರಳುತ್ತದೆ, ಪ್ರನಾಳ ಬೆಚ್ಚಗಾಗುತ್ತದೆ. ಚುಕ್ಕೆಯ ಆಚೆಯ ಐದು ನೀರು ಎಲ್ಲಿದ್ದವು ಎಂದು ಆಮೇಲೆ ಯಾರೂ ಹೇಳಬೇಕಾಗಿಲ್ಲ. ಮನೆಯ ಒಲೆಯ ಮೇಲೆ, ಅಡುಗೆ ಪಾತ್ರೆಯಲ್ಲಿ ಇದನ್ನು ಮಾಡಬೇಡಿ, ಅದು ವಿಷ.

ಕೊನೆಯದಾಗಿ, ಪರೀಕ್ಷೆಯಲ್ಲಿ ಯಾವ ಹೆಸರು? ಪಠ್ಯಪುಸ್ತಕದಲ್ಲಿ ಇರುವುದನ್ನೇ ಬರೆಯಲಿ. ಆಮ್ಲಜನಕ ಎಂದರೂ ಆಕ್ಸಿಜನ್ ಎಂದರೂ ಸಂಕೇತ ಒಂದೇ, ಮೌಲ್ಯಮಾಪಕರು ಎರಡನ್ನೂ ಬಲ್ಲರು. ಒಂದೇ ಉತ್ತರದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು. ಆದರೆ ಪಿಯುಸಿಯಲ್ಲಿ ವಿಜ್ಞಾನ ಇಂಗ್ಲಿಷಿನಲ್ಲಿ ಬರುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಜಾಣ ಮಕ್ಕಳು ಮೊದಲ ಎರಡು ತಿಂಗಳು ತಡವರಿಸುವುದು ವಿಷಯದಲ್ಲಲ್ಲ, ರಂಜಕವೇ ಫಾಸ್ಫರಸ್ ಎಂದು ಗುರುತು ಹಿಡಿಯುವುದರಲ್ಲಿ. ಈಗಲೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕನ್ನಡ ಹೆಸರು, ಇಂಗ್ಲಿಷ್ ಹೆಸರು, ಸಂಕೇತ, ವೇಲೆನ್ಸಿ ಎಂದು ನಾಲ್ಕು ಕಾಲಂ ಹಾಕಿಸಿ. ಮೂವತ್ತು ಧಾತುಗಳೂ ಹತ್ತು ಗುಂಪುಗಳೂ ಇದ್ದರೆ ಹತ್ತನೇ ತರಗತಿ ದಾಟುವವರೆಗೆ ಧಾರಾಳ. ಅಭ್ಯಾಸಕ್ಕೆ ಅಂಗಡಿಯ ಕಪಾಟೇ ಇದೆ. ಶುರುವಿಗೆ 13:0:45 ಪ್ಯಾಕೆಟ್ ಕೊಡಿ. ಅದು ಪೊಟ್ಯಾಸಿಯಂ ನೈಟ್ರೇಟ್, ಕೆ-ಎನ್-ಒ₃, ತೂಕ 101. ಸಾರಜನಕದ 13 ಅವಳಿಗೆ ಸುಲಭವಾಗಿ ಸಿಗುತ್ತದೆ. 45ಕ್ಕೆ ಬಂದಾಗ ಪೊಟ್ಯಾಸಿಯಂ ಶೇಕಡಾ 39 ಎಂದು ಬಂದು ತಲೆ ಕೆರೆದುಕೊಳ್ಳುತ್ತಾಳೆ. ಆಗ ಕೆ₂-ಒ ಎಂದು ಮಾತ್ರ ನೆನಪಿಸಿ, ಉಳಿದದ್ದನ್ನು ಅವಳೇ ಮಾಡಲಿ.